ಎಡಗೈ ಕಾರ್ನೆಟ್

ಒಟ್ಟೀಲಿಯ ಮುತ್ತಜ್ಜ ಕೊನ್ರಾಡ್ ಬವೇರಿಯಾದ ಗಣಿಯಲ್ಲಿ ಚಿತ್ರ ಬರೆದು ಅಚ್ಚು ಹಾಕುವ ನುಣುಪು ಕಲ್ಲು ಸೀಳಿದವನು. ಅಜ್ಜ ಲೆಬ್ರೆಖ್ಟ್ ಅಂಥ ಹನ್ನೆರಡು ಕಲ್ಲುಗಳನ್ನು ಹಡಗಿಗೇರಿಸಿ, ಬಟ್ಟೆಬರೆಯನ್ನು ಅಲ್ಲೇ ಬಿಟ್ಟು ಅಮೆರಿಕದ ಸಿನ್ಸಿನಾಟಿಗೆ ಬಂದಿಳಿದ. ಅಪ್ಪ ಕಾಸ್ಪರ್ ಆ ಕಲ್ಲಿನ ಮೇಲೆ ಸರ್ಕಸ್ಸಿನ ಹುಲಿ ಬರೆದು ಅಚ್ಚು ಹಾಕಿದರೆ ಬೀದಿನಾಯಿಗಳು ಅದನ್ನು ಅಂಟಿಸಿದ ಗೋಡೆ ನೋಡಿ ಬೊಗಳುತ್ತಿದ್ದವು. ಇವಳ ಪಾಲಿಗೆ ಬಂದದ್ದು ಮೆರವಣಿಗೆಯಲ್ಲಿ ಬ್ಯಾಂಡು ನುಡಿಸುವ ಮಾರ್ಚುಗಳ ಸ್ವರದ ಹಾಳೆಗೆ ಮುಖಚಿತ್ರ ಬರೆಯುವ ಕೆಲಸ.

ಅವಳ ಮಗ್ಗುಲಲ್ಲಿ ಮೂವತ್ತು ವರ್ಷ ಅಚ್ಚಿನ ಯಂತ್ರ ತಿರುಗಿಸಿದವನು ನಾನು. ಶಾಲೆಯ ಮೆಟ್ಟಿಲು ತುಳಿದವನಲ್ಲ. ಅಕ್ಷರ ಕಲಿತದ್ದೇ ಅವಳ ಕಲ್ಲಿನಿಂದ, ಅದೂ ತಿರುಗುಮುರುಗಾಗಿ.

ಸ್ವರದ ಹಾಳೆ ಮಾರುವ ಅಂಗಡಿಯವರು ಪಿಯಾನೊ ಎಷ್ಟೇ ಬಾರಿಸಿ ತೋರಿಸಲಿ, ಗಿರಾಕಿಯ ಕೈ ಹೋಗುತ್ತಿದ್ದದ್ದು ಚಿತ್ರ ಒಪ್ಪಿದ ಹಾಳೆಗೇ. ಒಟ್ಟೀಲಿಯ ಕುದುರೆ ಕೆನೆಯುವಂತಿತ್ತು, ಬಾವುಟ ಪಟಪಟ ಅನ್ನುವಂತಿತ್ತು. ಒಂದು ಸ್ವರವೂ ಬಾರದ ಮನೆಗಳಲ್ಲೂ ಅವಳ ಹಾಳೆ ಪಿಯಾನೊದ ಮೇಲೆ ನಿಂತು ನೆಂಟರನ್ನು ಎದುರುಗೊಳ್ಳುತ್ತಿತ್ತು.

ಕಲ್ಲಿನ ಮೇಲೆ ಬಲಗಡೆಯದನ್ನು ಎಡಕ್ಕೆ ಬರೆದರೇ ಹಾಳೆಯ ಮೇಲೆ ನೆಟ್ಟಗೆ ಬರುವುದು. ಬೆಂಕಿ ಆರಿಸುವ ದಳದ ಬ್ಯಾಂಡಿನ ಮಾರ್ಚಿಗೆ ಚಿತ್ರ ಬರೆದಾಗ ಅವಳಿಗೆ ಅರವತ್ತೆಂಟು, ಕಣ್ಣಿಗೆ ಪೊರೆ ಬೇರೆ. ಮೊದಲ ಅಚ್ಚು ತೆಗೆದೆ. ಅಕ್ಷರವೆಲ್ಲ ಸರಿಯಾಗಿತ್ತು, ಸಾರೋಟಿನ ಕುದುರೆಗಳೂ ಸರಿ. ಮುಂದೆ ನಿಂತು ಕಾರ್ನೆಟ್ಟೆಂಬ ಗಿಡ್ಡ ತುತ್ತೂರಿ ಊದುವವನು ಮಾತ್ರ ಎಡಗೈಯಲ್ಲಿ ಗುಂಡಿ ಒತ್ತುತ್ತಿದ್ದ.

ಪ್ರಕಾಶಕ ವೆಂಡೆಲ್ ಹಾಳೆಯನ್ನು ಬೆಳಕಿಗೆ ಹಿಡಿದ.

“ಏನ್ ಮಿಸ್ ಒಟ್ಟೀಲಿ, ನಮ್ ಬ್ಯಾಂಡಿನವ್ರು ಯಾವಾಗ ಎಡಚರಾದ್ರು? ಇದನ್ನ ಅಂಗಡಿ ಕಿಟಕೀಲಿಟ್ರೆ ಅವ್ರೇ ಗುಂಪು ಕಟ್ಕೊಂಡು ಬಂದು ನಗ್ತಾರೆ.”

ಶನಿವಾರದ ಮೆರವಣಿಗೆಗೆ ಹೊಸ ಚಿತ್ರ ಬಾರದಿದ್ದರೆ ಬ್ಯಾಂಡ್‌ಮಾಸ್ಟರನ ಫೋಟೋ ಹಾಕಿಸುವುದಾಗಿಯೂ, ಅಲ್ಲಿಂದ ಮುಂದೆ ಎಲ್ಲ ಮಾರ್ಚಿಗೂ ಫೋಟೋವೇ ಗತಿಯೆಂದೂ ಹೇಳಿ ಅವನು ಟೊಪ್ಪಿಗೆ ತೊಟ್ಟು ನಡೆದ. ಅಂದು ಗುರುವಾರ.

ಒಟ್ಟೀಲಿ ಕಲ್ಲಿನ ಮೇಲೆ ಮರಳು ಚೆಲ್ಲಿ, ನೀರು ಹನಿಸಿ, ಆ ಕಾರ್ನೆಟ್ಟಿನವನನ್ನು ಉಜ್ಜಿ ಅಳಿಸತೊಡಗಿದಳು. ಅವಳು ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿದ್ದನ್ನು ನೋಡಲಾರದೆ, ಅವನೊಬ್ಬನನ್ನು ನಾನೇ ಬರೆದುಬಿಡುತ್ತೇನೆ, ಯಾರಿಗೂ ತಿಳಿಯದು ಎಂದೆ. ಅವಳು ತಲೆ ಎತ್ತಲಿಲ್ಲ.

“ಬೇಡ ಯೋಸ್ಟ್. ಕೆಡಿಸಿದ್ದು ನನ್ ಕೈ, ನೆಟ್ಟಗೆ ಮಾಡೋದೂ ಅದೇ. ಫೋಟೋಗೆ ಸೋತ್ರೂ ನಾನೇ ಸೋಲ್ತೀನಿ. ನೀನು ಬರೆದ್ರೆ ಕಾರ್ನೆಟ್ಟು ಹೋಗಿ ಸೌತೇಕಾಯಿ ಆಗುತ್ತೆ. ಬೆಳಕಿಗೆ ಅಡ್ಡ ನಿಂತಿದೀಯ, ಆಚೆ ಸರ್ಕೋ.”