ತಲೆಯಲ್ಲೇ ಮಾಡಿದ ಲೆಕ್ಕ

ಮನೆಗಳಲ್ಲಿ ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು, ರಾಜಾಜಿನಗರದ ನಮ್ಮ ಮನೆಯಲ್ಲಿ ನಾನೇ ಬೆಸುಗೆ ಹಾಕಿ ಒಂದನ್ನು ಕಟ್ಟಿದ್ದೆ. ಪರದೆಗೆ ಹಳೆಯ ಟಿವಿ, ಮೈಗೆ ತಗಡಿನ ಟ್ರಂಕು. ಸೇತುವೆಯ ಬೀಮು ಎಷ್ಟು ಭಾರ ತಾಳುತ್ತದೆ ಎಂದು ನಮ್ಮ ಕಚೇರಿಯ ಎಂಜಿನಿಯರುಗಳು ವಾರಗಟ್ಟಲೆ ಗುಣಿಸುತ್ತಿದ್ದುದನ್ನು ಅದು ಒಂದೇ ಬೆಳಿಗ್ಗೆ ಮುಗಿಸುತ್ತಿತ್ತು.

ನಮ್ಮ ಮೇಲಧಿಕಾರಿ ಭಾನುವಾರ ಬಂದು, ತಿಂಡಿ ತಿಂದು, ಉತ್ತರ ಬರೆದುಕೊಂಡು ಹೋಗುತ್ತಿದ್ದರು. ಸೋಮವಾರ ಅದೇ ಲೆಕ್ಕ ಅವರ ಕೈಬರಹದಲ್ಲಿ ಕಚೇರಿಗೆ ಬರುತ್ತಿತ್ತು. ಕೈಯಲ್ಲೇ ಮಾಡಿದಂತೆ ಕಾಣಲೆಂದು ನಡುನಡುವೆ ಅಂಕಿಗಳನ್ನು ಬೇಕೆಂದೇ ಹೊಡೆದುಹಾಕಿ ತಿದ್ದಿರುತ್ತಿದ್ದರು. ಎಲ್ಲರೆದುರು ನನ್ನ ಯಂತ್ರವನ್ನು ಆಟದ ಸಾಮಾನೆಂದು ನಗುತ್ತಿದ್ದವರೂ ಅವರೇ.

ಕಳೆದ ತಿಂಗಳು ವಿಜಯನಗರದಲ್ಲಿ ಅವರಿಗೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಮೈಕ್ ಹಿಡಿದು ಕಾಲೇಜು ಹುಡುಗರಿಗೆ ಹೇಳಿದರು: “ನಮ್ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು? ಎಲ್ಲಾ ತಲೇಲೇ ಮಾಡ್ತಿದ್ವಿ. ನಿಮಗೆ ಬಟನ್ ಒತ್ತೋದು ಬಿಟ್ರೆ ಏನ್ ಬರುತ್ತೆ?”

ಚಪ್ಪಾಳೆ ಬಿತ್ತು.

ಊಟಕ್ಕೆ ನನ್ನ ಪಕ್ಕದಲ್ಲೇ ಬಂದು ಕೂತರು. ತಲೆಯ ಮೇಲಿನ ಪೇಟ ಇನ್ನೂ ಇಳಿದಿರಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಆ ನಿಮ್ ಟ್ರಂಕು ಇನ್ನೂ ಇದೆಯೇನ್ರೀ?”

“ಇದೆ ಸಾರ್. ಇವತ್ತೂ ಆನ್ ಆಗುತ್ತೆ.”

“ಅಯ್ಯೋ, ಸುಮ್ನೆ ಜಾಗ ದಂಡ. ಗುಜರಿಗೆ ಹಾಕ್ಬಿಡ್ರೀ.”

“ಹಾಕೋಣ ಸಾರ್,” ಎಂದೆ. “ಆ ಪೇಟ ಇತ್ಲಾಗೆ ಕೊಡಿ. ಟ್ರಂಕಿಗೊಂದ್ಸಲ ತೊಡಿಸಿ, ಆಮೇಲೆ ಹಾಕ್ತೀನಿ.”