ನನ್ನ ಬೆರಳು, ಅವರ ರಿಪೋರ್ಟು

ಅಂದು ಮಾಡಿದ ಕೆಲಸಗಳು ಇವು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಸುವಿಗೆ ಹುಲ್ಲು ಹಾಕಿದೆ. ಮಿಲ್ಲಿಗೆ ಹೋಗಿ ರಾಗಿ ಬೀಸಿಸಿಕೊಂಡು ಬಂದೆ. ಎರಡು ಹೊದಿಕೆ ಒಗೆದೆ. ಗಂಡನ ರಕ್ತ ಸರಿಹೋಗಲೆಂದು ಅಗಸೆ ಬೀಜ ಹುರಿದು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಪುಡಿ ಮಾಡಿದೆ. ಸರಿಹೋಗಬೇಕಾಗಿದ್ದ ರಕ್ತ ನನ್ನದು ಎಂಬುದನ್ನು ಮನೆಯಲ್ಲಿ ಮರೆಯದಿದ್ದವಳು ನಾನೊಬ್ಬಳೇ.

ಕೆಲವು ವರ್ಷಗಳ ಹಿಂದಿನ ಮಾತು; ಇದೆಲ್ಲ ಶುರುವಾದದ್ದು ಆ ದಿನಕ್ಕೆ ನಾಲ್ಕೈದು ತಿಂಗಳು ಮೊದಲು. ನಾವಿದ್ದದ್ದು ಗುಂಡ್ಲುಪೇಟೆಯಲ್ಲಿ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಮೈದುನ ರಜೆಯ ದಿನ ಯಾವುದೋ ಕಂಪನಿಯ ಮೀನೆಣ್ಣೆ ಮಾತ್ರೆ ಮಾರುತ್ತಿದ್ದ. ಒಂದು ಭಾನುವಾರ ಅಣ್ಣನಿಗೆಂದು ಚಿಕ್ಕದೊಂದು ಪೆಟ್ಟಿಗೆ ತಂದ. ಒಳಗೆ ಒಂದು ಸೂಜಿ, ಒಂದು ದಪ್ಪ ಕಾರ್ಡು. ಬೆರಳು ಚುಚ್ಚಿ ಕಾರ್ಡಿನ ಮೇಲೆ ರಕ್ತದ ತೊಟ್ಟು ಬಿಟ್ಟು, ಒಣಗಿಸಿ ಅಂಚೆಗೆ ಹಾಕಬೇಕು. ಮೈಯಲ್ಲಿ ಒಮೆಗಾ ಮೂರು ಎಂಬ ಕೊಬ್ಬು ಎಷ್ಟಿದೆ, ಒಮೆಗಾ ಆರು ಎಂಬುದು ಎಷ್ಟಿದೆ, ಎರಡೂ ಹದವಾಗಿವೆಯೇ ಎಂದು ಅವರು ಬರೆದು ಕಳಿಸುತ್ತಾರಂತೆ. ಕಾರ್ಡಿಗೆ ಅಣ್ಣನ ಹೆಸರು ಬರೆದು ಮೈದುನ ಕೈ ತೊಳೆಯಲು ಹಿತ್ತಲಿಗೆ ಹೋದ.

ಹಾವು ಹಿಡಿದು ಹೊಲದಾಚೆ ಬಿಟ್ಟು ಬರುವ ನನ್ನ ಗಂಡ ಸೂಜಿ ನೋಡಿ ಬೆವೆತರು.

“ನಂಗೆ ಕಣ್ಕತ್ಲೆ ಬತ್ತದ ಕಣಮ್ಮಿ. ನೀನೇ ಚುಚ್ಕಂಬುಡು.”

“ರಕ್ತ ನಂದಾದ್ರೆ ಪರೀಕ್ಷೆನೂ ನಂದೇ ಆಯ್ತದಲ್ಲ?”

“ಒಂದೇ ಮಡಕೇಲಿ ಉಣ್ಣೋರಿಗೆ ರಕ್ತ ಬ್ಯಾರೆ ಇದ್ದದಾ?”

ಚುಚ್ಚಿಕೊಂಡೆ. ಮೈದುನ ಬರುವಷ್ಟರಲ್ಲಿ ಗಂಡ ತಮ್ಮ ಬೆರಳಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದರು.

ಕೆಲವು ವಾರ ಕಳೆದು ರಿಪೋರ್ಟು ಬಂತು. ಒಮೆಗಾ ಆರು ವಿಪರೀತ, ಮೂರು ಇಲ್ಲವೆನ್ನುವಷ್ಟು ಕಡಿಮೆ. ಹೀಗಿದ್ದರೆ ಎದೆಗೆ ಒಳ್ಳೆಯದಲ್ಲ, ಸೂರ್ಯಕಾಂತಿ ಎಣ್ಣೆ ಕಡಿಮೆ ಮಾಡಿ ಎಂದಿತ್ತು. ನಾವೋ ನಮ್ಮದೇ ಹೊಲದ ಸೂರ್ಯಕಾಂತಿ ಬೀಜ ಆಡಿಸಿ, ಡಬ್ಬಿ ತುಂಬಾ ಎಣ್ಣೆ ಇಟ್ಟುಕೊಂಡವರು. ಗಂಡ ಗೋಡೆಗೆ ಒರಗಿ, “ನಂಗೆ ಇಂಗಾಯ್ತಲ್ಲ ಅಮ್ಮಿ” ಎಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಕಾಗದದಲ್ಲಿ ಅಚ್ಚಾಗಿದ್ದ ಹೆಸರು ಅವರದು. ಚುಚ್ಚಿಸಿಕೊಂಡ ಬೆರಳಿನ ಹೆಸರು ಎಲ್ಲೂ ಇರಲಿಲ್ಲ. ಟೀ ಅಂಗಡಿಯಲ್ಲಿ ಹೇಳಿಕೊಂಡರು, ಹಂಗಳದ ಬಸ್ಸಿನಲ್ಲಿ ಹೇಳಿಕೊಂಡರು. ಪಕ್ಕದ ಮನೆಯಾಕೆ ನನಗೇ ಬಂದು, “ನಿಮ್ಮೆಜಮಾನ್ರು ಪಾಪ ಇಳ್ದೋಗವ್ರೆ” ಎಂದು ಸಮಾಧಾನ ಹೇಳಿದಳು.

ಅವರಿಗೇ ನೆನಪಾದೀತು ಎಂದು ಕಾದೆ. ನನ್ನವ್ವ ಎದೆನೋವು ಬಂದು ತೀರಿಕೊಂಡದ್ದು ಆಗ ನನಗಿದ್ದ ವಯಸ್ಸಿನಲ್ಲೇ. ಮನೆಯಲ್ಲಿ ಯಾರೂ ಇಲ್ಲದಾಗ ರಿಪೋರ್ಟು ತೆಗೆದು ಓದುತ್ತಿದ್ದೆ. ಅದು ಗಂಡನ ಹೆಸರು ಹೇಳಿ ನನ್ನನ್ನು ಹೆದರಿಸುತ್ತಿತ್ತು.

ನಮ್ಮದು ಮಾಂಸ ಮೀನು ಮುಟ್ಟದ ಮನೆ. “ಮಾತ್ರೆ ಆದ್ರೂ ಮೀನು ಮೀನೇ ಕಣ್ಲಾ” ಎಂದು ಗಂಡ ತಮ್ಮನ ಡಬ್ಬಿ ವಾಪಸು ಕೊಟ್ಟರು. ಅಂಥವರು ಅಗಸೆ ಬೀಜ ತಿನ್ನಬಹುದು ಎಂದು ರಿಪೋರ್ಟಿನ ಜೊತೆ ಬಂದ ಚೀಟಿಯಲ್ಲಿತ್ತು. ಅಗಸೆ ಅಂದರೆ ನಮ್ಮ ಕಡೆ ವೀಳ್ಯದೆಲೆ ಬಳ್ಳಿ ಹಬ್ಬಿಸುವ ಮರ. ಕುದೇರಿನ ಕಡೆಯ ಎಲೆತೋಟದಿಂದ ಒಂದು ಚೀಲ ಬೀಜ ತಂದರು. ಹುರಿದು ಪುಡಿ ಮಾಡಿದೆ. ನಾಲಿಗೆಯ ಮೇಲೆ ಇಡಲಾಗದಷ್ಟು ಕಹಿ. ಕಹಿ ಇದ್ದರೇನೇ ಔಷಧಿ ಎಂದು ಒಂದು ವಾರ ಕಣ್ಣು ಮುಚ್ಚಿ ನುಂಗಿದರು. ಮೈದುನ ಬಂದು ಚೀಲ ನೋಡಿದ.

“ಅಣ್ಣಾ, ಇದು ಮರದ ಬೀಜ ಕಣಣ್ಣ! ಎಣ್ಣೆ ತೆಗಿಯೋ ಅಗಸೆ ಬ್ಯಾರೆ ಅದೆ. ಇನ್ನೊಂದ್ ವಾರ ತಿಂದಿದ್ರೆ ನಿನ್ ಮೇಲೆ ಎಲೆಬಳ್ಳಿ ಹಬ್ಸಬೋದಾಗಿತ್ತು.”

ಆಮೇಲೆ ಮೈಸೂರಿನಿಂದ ಕಂದು ಬಣ್ಣದ, ನುಣುಪಾದ ಸಣ್ಣ ಬೀಜ ಬಂತು. ಆ ಪುಡಿ ಎಷ್ಟು ರುಚಿಯಾಯಿತೆಂದರೆ, ಕೊನೆಗೆ ಉಣ್ಣುವ ನನಗೆ ಚಮಚಕ್ಕೆ ಅಂಟಿದ್ದು ಮಾತ್ರ ಉಳಿಯುತ್ತಿತ್ತು. ಹೀಗೇ ಮೂರು ತಿಂಗಳು.

ರಾಗಿ ಬೀಸಿಸಿ, ಹೊದಿಕೆ ಒಗೆದ ಆ ದಿನ ಸಂಜೆ, ಗುಣ ಕಂಡಿದೆಯೋ ನೋಡೋಣವೆಂದು ಮೈದುನ ಇನ್ನೊಂದು ಕಾರ್ಡು ತಂದ. ಗಂಡ ಅವನನ್ನು ತಾವೇ ಕೈ ತೊಳೆಯಲು ಅಟ್ಟಿದರು. ಸೂಜಿಯ ವಿಷಯಕ್ಕೆ ಅವರಿಗೆ ಎಲ್ಲ ನೆನಪಿತ್ತು.

“ಅಮ್ಮಿ, ಈ ಸಲಾನೂ ನೀನೇ ಕೊಟ್ಬುಡು. ಓದ್ಸಲದ ರಕ್ತಾನೇ ಆದ್ರೆ ತಾನೆ ಓಲ್ಸಿ ನೋಡಾಕಾಗೋದು?”

“ಓದ್ಸಲದ್ದು ಯಾರ ರಕ್ತ?”

“ನಿಂದು.”

“ಮೂರು ತಿಂಗ್ಳಿಂದ ಪುಡಿ ತಿಂದೋರು ಯಾರು?”

ಹಿತ್ತಲ ಬಾಗಿಲಲ್ಲಿ ಮೈದುನ ಒದ್ದೆ ಕೈಯಲ್ಲಿ ನಿಂತಿದ್ದ. “ಅಣ್ಣಾ! ಅತ್ಗೆ ಕಾಯ್ಲೆಗೆ ನೀನು ಪಥ್ಯ ಮಾಡ್ತಿದ್ಯಾ?”

ಗಂಡ ನಗಲಿಲ್ಲ. ಎದ್ದು ಹೋಗಿ ಪುಡಿಯ ಡಬ್ಬಿ ತಂದು ನನ್ನ ಮುಂದಿಟ್ಟರು. “ನಿಮ್ಮವ್ವಂಗೂ ಎದೆನೋವಲ್ವಾ ಇದ್ದದ್ದು...” ಎಂದರು. ಮೈದುನ ಕಾರ್ಡಿನ ಮೇಲೆ ಈ ಸಲ ನನ್ನ ಹೆಸರು ಬರೆದ. ಚುಚ್ಚಿಕೊಂಡೆ. ರಕ್ತ ಒಣಗುವವರೆಗೂ ಗಂಡ ಕಾರ್ಡನ್ನು ಅಂಗೈಯಲ್ಲಿ ಹಿಡಿದು ಕೂತಿದ್ದರು. ಒಣಗಿದ ಮೇಲೆ ಕೇಳಿದರು: “ಅಂಗಾದ್ರೆ ನಂಗೇನೂ ಇಲ್ಲ ಅನ್ನು. ಎರಡು ಬಜ್ಜಿ ಆಕ್ತೀಯಾ?”

ಅವರು ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿ ಆರು ತಿಂದರು, ಮೈದುನ ನಾಲ್ಕು. ನಾನು ಅವರ ಜೊತೆಗೇ ಕೂತು ಮುದ್ದೆ, ಸೊಪ್ಪಿನ ಸಾರು, ಎರಡು ಚಮಚ ಪುಡಿ ಉಂಡೆ. ಮೊದಲು ಮಲಗಿದವರು ಗಂಡ. ಕಾಯಿಲೆ ವಾಸಿಯಾದವರ ನಿದ್ದೆ.