ದಿಂಬು ಕದಲಲಿಲ್ಲ

ಬಿಸ್ಕತ್ತು ಕಾರ್ಖಾನೆಯ ಹೆಂಗಸರ ಸಾಫ್ಟ್‌ಬಾಲ್ ತಂಡದಲ್ಲಿ ಅವಳನ್ನು ಎಲ್ಲರೂ ದಿಂಬು ಎಂದೇ ಕರೆಯುತ್ತಿದ್ದರು. ದಪ್ಪಗಿದ್ದಳು ಅಂತಲ್ಲ, ಒಣಗಿದ ಕಡ್ಡಿಯ ಹಾಗಿದ್ದಳು. ಎಷ್ಟು ಗುದ್ದಿದರೂ ಸುಮ್ಮನೆ ಬಿದ್ದಿರುತ್ತಾಳೆ ಅಂತ ಆ ಹೆಸರು.

ಬ್ಯಾಟು ಬೀಸುವುದು ಅವಳ ಕೈಗೆ ಹತ್ತಲೇ ಇಲ್ಲ. ಆದರೂ ತಂಡ ಬಿಡುವಂತಿರಲಿಲ್ಲ. ಆಟಗಾರ್ತಿಯರಿಗೆ ಪ್ಯಾಕಿಂಗ್ ಕೋಣೆಯಲ್ಲಿ ಕೂತು ಮಾಡುವ ಕೆಲಸ, ಮಿಕ್ಕವರಿಗೆ ಭಟ್ಟಿ. ಆ ಭಟ್ಟಿಯ ಬಾಯಿಯ ಮುಂದೆ ನಿಂತು ನಿಂತೇ ಅವಳ ಉಸಿರು ಕೆಟ್ಟಿದ್ದು. ಇನ್ನೊಂದು ಸಲ ಅಲ್ಲಿಗೆ ಹೋದರೆ ಕೈಗೆ ಸಿಗುವುದಿಲ್ಲ ಅಂತ ಡಾಕ್ಟರು ಅವಳ ಅಕ್ಕನಿಗೆ ಹೇಳಿಬಿಟ್ಟಿದ್ದರು.

ಎಸೆದ ಚೆಂಡು ಬ್ಯಾಟು ಹಿಡಿದವಳ ಮೈಗೆ ಬಿದ್ದರೆ, ಅವಳು ಹೊಡೆಯದೆಯೇ ಓಟದ ಮೊದಲ ತಂಗುಗಟ್ಟೆಗೆ, ಅಂದರೆ ಮೊದಲನೇ ಬೇಸ್‌ಗೆ, ನಡೆದು ಹೋಗಬಹುದು. ತಂಡಕ್ಕೆ ಆಟ ಕಲಿಸುತ್ತಿದ್ದ ಮೇಸ್ತ್ರಿಗೆ ಇದರಲ್ಲಿ ಒಂದು ದಾರಿ ಕಂಡಿತು.

“ಹೊಡೆಯೋದಂತೂ ನಿನ್ನ ಹಣೇಲಿ ಬರ್ದಿಲ್ಲ. ಏಟು ತಿನ್ನಕ್ಕಾದ್ರೂ ಕಲಿ,” ಅಂದ.

ಗೋದಾಮಿನ ಗೋಡೆಗೆ ಅವಳನ್ನು ನಿಲ್ಲಿಸಿ ಚೆಂಡು ಎಸೆಯುತ್ತಿದ್ದ. ಅಲುಗಾಡಿದರೆ ಅದೇ ಜಾಗಕ್ಕೆ ಇನ್ನೊಂದು. ಕಣ್ಣು ಮುಚ್ಚಿದರೂ ಇನ್ನೊಂದು. ನೋಡುತ್ತಾ ನಿಂತ ಹೆಂಗಸರು ನಗುತ್ತಿದ್ದರು. “ಮೇಸ್ತ್ರಿ, ಮೆಲ್ಲಗೆ ಕಣ್ರೀ, ಹತ್ತಿ ಆಚೆ ಬಂದೀತು!”

ಮನೆಯಲ್ಲಿ ಅಕ್ಕ ಬಿಸಿನೀರಲ್ಲಿ ಬಟ್ಟೆ ಅದ್ದಿ ಪಕ್ಕೆಗೆ ಒತ್ತುವಳು. “ನಿನ್ನ ಮೈಯೇನು ಒಗೆಯೋ ಕಲ್ಲೇನೇ?”

“ಭಟ್ಟಿಗಿಂತ ವಾಸಿ ಬಿಡಕ್ಕ,” ಅನ್ನುವಳು ದಿಂಬು.

ಹೀಗೆ ಮೂರು ವರ್ಷ ನಡೆಯಿತು. ಅಲ್ಲಿನ ಅಂಪೈರುಗಳು ಚೆಂಡು ಮೈಗೆ ತಗುಲಿದ ಸದ್ದು ಕೇಳಿದರೆ ಸಾಕು, ಬೇಸ್‌ನತ್ತ ಕೈ ತೋರಿಸಿಬಿಡುತ್ತಿದ್ದರು. ಮಿಕ್ಕಿದ್ದನ್ನು ಕೇಳುವವರಿರಲಿಲ್ಲ.

ಸೋಪಿನ ಕಾರ್ಖಾನೆಯವರ ಮೇಲಿನ ಕಡೆಯ ಪಂದ್ಯಕ್ಕೆ ಹೊರಗಿನಿಂದ ಒಬ್ಬ ಅಂಪೈರ್ ಬಂದ. ವಾರದ ದಿನಗಳಲ್ಲಿ ಕ್ಷೌರದ ಅಂಗಡಿ ನಡೆಸುವವನು. ಕತ್ತಿ ಹಿಡಿದವನ ಕಣ್ಣು, ಕೂದಲೆಳೆಯನ್ನೂ ಬಿಡುತ್ತಿರಲಿಲ್ಲ. ಆಟಕ್ಕೆ ಮೊದಲೇ ಮೇಸ್ತ್ರಿ ಎಲ್ಲರೆದುರು ಅಂದಿದ್ದ, “ಇವತ್ತು ಸೋತ್ರೆ ದಿಂಬು ಭಟ್ಟಿಗೆ.”

ಬ್ಯಾಟು ಹಿಡಿಯುವ ಕಡೆಯ ಸರದಿ ಅವಳದೇ ಆಯಿತು. ಮೊದಲ ಚೆಂಡು ತೋಳಿಗೆ ಬಡಿಯಿತು. ಬ್ಯಾಟು ಕೆಳಗಿಟ್ಟು ಹೊರಟವಳನ್ನು ಅಂಪೈರ್ ತಡೆದ.

“ಎಲ್ಲಿಗಮ್ಮಾ? ಚೆಂಡು ತಗುಲಿದ್ರೆ ಸಾಲ್ದು, ತಪ್ಪಿಸ್ಕೊಳ್ಳಕ್ಕೆ ನೋಡಿರ್ಬೇಕು. ನೀನು ಕಂಬದ ಥರ ನಿಂತಿದ್ದೆ. ಬೇಸ್ ಇಲ್ಲ, ವಾಪಸ್ ಬಾ.”

ಮೇಸ್ತ್ರಿ ಓಡಿ ಬಂದು ಅವಳ ಕಿವಿಯಲ್ಲಿ ಹಲ್ಲು ಕಡಿದ. “ಒಂದು ಹೆಜ್ಜೆ ಹಿಂದಕ್ಕೆ ಇಡೇ ಪೆದ್ದಿ! ಹೆದರಿದ ಹಾಗೆ ನಾಟಕ ಆಡು.”

“ಆಯ್ತು ಮೇಸ್ತ್ರಿ.”

ಮುಂದಿನ ಚೆಂಡು ಮುಖಕ್ಕೇ ಬಂತು. ಹೆಲ್ಮೆಟ್ಟು ತಲೆಯನ್ನು ಕಾಯುತ್ತಿತ್ತೇ ಹೊರತು ಕೆನ್ನೆಯನ್ನಲ್ಲ. ಬರುವುದು ಅವಳಿಗೆ ಚೆನ್ನಾಗಿ ಕಂಡಿತು. ಸರಿ, ಹಿಂದಕ್ಕೆ ಸರಿ ಅಂತ ಕಾಲಿಗೆ ಹೇಳಿಕೊಂಡಳಂತೆ. ಕಾಲು ಕೇಳಲಿಲ್ಲ. ರೆಪ್ಪೆಯೂ ಬಡಿಯಲಿಲ್ಲ. ಚೆಂಡು ದವಡೆಗೆ ಬಿದ್ದು ಅವಳು ಮಂಡಿಯೂರಿದಳು.

ಅಂಪೈರ್ ಬಗ್ಗಿ ಸುಣ್ಣದ ಗೆರೆಯ ಪಕ್ಕ ಅವಳ ಹೆಜ್ಜೆಗುರುತು ನೋಡಿದ. “ಈ ಸಲವೂ ಕದಲಲಿಲ್ಲ. ಬೇಸ್ ಇಲ್ಲ.” ಆಮೇಲೆ ಮೇಸ್ತ್ರಿಯತ್ತ ತಿರುಗಿದ. “ರಕ್ತ ಬರ್ತಿದೆ. ಬೇರೆಯವರನ್ನ ಕಳಿಸ್ತೀರಾ?”

“ಅವಳಿಗೇನಾಗತ್ತೆ ಸಾರ್, ದಿಂಬು ಅದು,” ಅಂದ ಮೇಸ್ತ್ರಿ. ಬೆಂಚಿನ ಮೇಲಿದ್ದವರು ಕಿಸಕ್ಕನೆ ನಕ್ಕರು.

ದಿಂಬು ಉಗಿದು, ಎದ್ದು, ಬ್ಯಾಟು ಹಿಡಿದಳು. ಚೆಂಡು ಎಸೆಯುತ್ತಿದ್ದ ಸೋಪಿನ ತಂಡದವಳು ಆಮೇಲೆ ಮೈ ಮೇಲೆ ಎಸೆಯಲೇ ಇಲ್ಲ. ನೆಟ್ಟಗೆ ಮೂರು ಚೆಂಡು. ಮೂರಕ್ಕೂ ದಿಂಬು ಗಾಳಿಗೆ ಬೀಸಿದಳು. ಮೂರು ಸಲ ತಪ್ಪಿದರೆ ಔಟು. ಪಂದ್ಯ ಸೋತು ಮುಗಿಯಿತು.

ಮಾರನೆಯ ದಿನ ದವಡೆಗೆ ಬಟ್ಟೆ ಕಟ್ಟಿಕೊಂಡೇ ಭಟ್ಟಿಗೆ ಹೋದಳು. ಆ ವಾರದಲ್ಲೇ ಮೇಸ್ತ್ರಿ ಒಬ್ಬ ಹೊಸ ಹುಡುಗಿಯನ್ನು ಕರೆದುಕೊಂಡು ಅಲ್ಲಿಗೆ ಬಂದ. “ಇವಳಿಗೆ ಏಟು ತಿನ್ನೋದು ಕಲಿಸು. ತಿನ್ನೋಕೆ ಮುಂಚೆ ಚೂರು ಸರಿಯೋದೂ ಕಲಿಸು.”

ದಿಂಬು ಕೆಮ್ಮು ನಿಲ್ಲುವ ತನಕ ಕಾದು ಕೇಳಿದಳು. “ಕಲಿಸಿದ್ರೆ ನನ್ನ ವಾಪಸ್ ತಗೋತೀರಾ ಮೇಸ್ತ್ರಿ?”

“ನೋಡೋಣ.”

ಹುಡುಗಿ ಚುರುಕಾಗಿದ್ದಳು, ಬೇಗ ಕಲಿತಳು. ಪ್ಯಾಕಿಂಗ್ ಕೋಣೆಯಲ್ಲಿ ಕಿಟಕಿಯ ಪಕ್ಕದ ಸ್ಟೂಲು ಅವಳಿಗೆ ಸಿಕ್ಕಿತು. ದಿಂಬು ಚಳಿಗಾಲ ಮುಗಿಯುವ ತನಕ ಭಟ್ಟಿಯಲ್ಲಿ ನಿಂತಳು. ಅದಕ್ಕಿಂತ ಹೆಚ್ಚು ನಿಲ್ಲಲಾಗಲಿಲ್ಲ. ಅವಳ ಚಟ್ಟ ಹೊತ್ತವರಲ್ಲಿ ಮೇಸ್ತ್ರಿಯೂ ಒಬ್ಬ. “ಏನೂ ಭಾರ ಇಲ್ಲ ಕಣ್ರೋ,” ಅಂದನಂತೆ.